ಹೊಸ ಕ್ಲಚ್ ಹಾಕಿಸಿದ ಮೇಲೂ ಸಪ್ಪಳವೇ? ಮೊದಲು ಪೆಡಲ್ ಒತ್ತಿ ನೋಡಿ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಜೋರಾಗಿರುವಾಗ ಲಾರಿ ಒಂದು ದಿನ ಗ್ಯಾರೇಜಿನಲ್ಲಿ ನಿಂತರೂ ಮಾಲೀಕರಿಗೆ ಬಾಡಿಗೆಯ ಪೆಟ್ಟು. ಅಂಥದ್ದರಲ್ಲಿ ದುಡ್ಡು ಸುರಿದು ಹೊಸ ಕ್ಲಚ್ ಸೆಟ್ ಹಾಕಿಸಿ, ಚಾವಿ ತಿರುವಿದ ಕೂಡಲೇ ಕೆಳಗಿನಿಂದ ಗರಗರ ಸಪ್ಪಳ ಬಂದರೆ ಯಾರಿಗಾದರೂ ತಲೆ ಕೆಡುತ್ತದೆ. ‘ಹೊಸಾ ಸಾಮಾನ್ರೀ, ನೂರಿನ್ನೂರು ಕಿಲೋಮೀಟರ್ ಓಡಿದ್ರ ತಾನ ಹೊಂದತೈತಿ’ ಎಂಬ ಮಾತು ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ ಕೇಳುತ್ತಲೇ ಇರುತ್ತದೆ. ಹೊಸ ಕ್ಲಚ್ ಪ್ಲೇಟು ಎಂಜಿನ್ ಹಿಂಬದಿಯ ಭಾರದ ಚಕ್ರಕ್ಕೆ, ಅಂದರೆ ಫ್ಲೈವೀಲಿಗೆ, ಹೊಂದಿಕೊಳ್ಳಲು ಸ್ವಲ್ಪ ಓಡಬೇಕು, ನಿಜ. ಆದರೆ ಬೇರಿಂಗಿನ ಗರಗರ ಓಡಿಸಿದಷ್ಟೂ ಹೆಚ್ಚುತ್ತದೆಯೇ ಹೊರತು ಹೋಗುವುದಿಲ್ಲ. ಹಾಗಂತ ಗಡಿಬಿಡಿಯಲ್ಲಿ ಮತ್ತೆ ಗೇರ್ ಬಾಕ್ಸ್ ಇಳಿಸುವುದೂ ಬೇಡ. ಪೆಡಲ್ ಎಷ್ಟು ಒತ್ತಿದಾಗ ಸಪ್ಪಳ ಶುರುವಾಗುತ್ತದೆ, ಎಷ್ಟಕ್ಕೆ ನಿಲ್ಲುತ್ತದೆ ಎಂದು ಕೇಳಿಸಿಕೊಂಡರೆ ಅರ್ಧ ಪತ್ತೆ ಅಲ್ಲೇ ಮುಗಿಯುತ್ತದೆ.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಗಾಲಿಗಳಿಗೆ ಹಿಂದೆ ಮುಂದೆ ಅಡ್ಡಗಲ್ಲು ಕೊಡಿ. ಒಬ್ಬರು ಕ್ಯಾಬಿನ್ನಿನಲ್ಲಿ, ಇನ್ನೊಬ್ಬರು ಹೊರಗೆ ಪಕ್ಕದಲ್ಲಿ. ಎಂಜಿನ್ ಚಾಲೂ ಇರುವಾಗ ಯಾರೂ ಗಾಡಿಯ ಕೆಳಗೆ ಹೋಗಕೂಡದು.

ಮೊದಲು ನ್ಯೂಟ್ರಲ್‌ನಲ್ಲಿಟ್ಟು, ಪೆಡಲ್ ಮೇಲಿಂದ ಕಾಲು ಪೂರಾ ತೆಗೆಯಿರಿ. ಈಗ ಎಂಜಿನ್ನಿನ ತಿರುಗಾಟವನ್ನು ಗೇರ್ ಬಾಕ್ಸಿಗೆ ಒಯ್ಯುವ ಇನ್‌ಪುಟ್ ಶಾಫ್ಟ್ ಎಂಜಿನ್ ಜೊತೆ ತಿರುಗುತ್ತಿರುತ್ತದೆ. ಸಪ್ಪಳ ಈಗ ಇದ್ದು, ಪೆಡಲ್ ಪೂರಾ ಒತ್ತಿದಾಗ ನಿಂತರೆ ಅನುಮಾನ ಗೇರ್ ಬಾಕ್ಸಿನ ಮೇಲೆ, ಅದರಲ್ಲೂ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ. ಆದರೆ ಬಿಚ್ಚುವ ಮೊದಲು ಗೇರ್ ಆಯಿಲ್ ನೋಡಿ. ಕೆಲಸಕ್ಕೆಂದು ಇಳಿಸಿದ ಆಯಿಲ್ ತಿರುಗಿ ತುಂಬುವುದು ಮರೆತುಹೋಗಿರಬಹುದು, ಇಲ್ಲವೇ ಕಡಿಮೆ ಬಿದ್ದಿರಬಹುದು. ಲೆವೆಲ್ ಬೋಲ್ಟ್ ಬಿಚ್ಚಿ ನೋಡಲು ಐದು ನಿಮಿಷ ಸಾಕು.

ಈಗ ಪೆಡಲನ್ನು ಮೆಲ್ಲಗೆ, ಬಿಗಿ ಹತ್ತುವವರೆಗೆ ಮಾತ್ರ ಒತ್ತಿ. ಅಷ್ಟಕ್ಕೇ ‘ಕಿರ್ರ್’ ಎಂದು ಶುರುವಾಗಿ, ಒತ್ತಿದಷ್ಟೂ ಏರಿದರೆ ಅದು ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ಕ್ಲಚ್ ಕೆಲಸದ ನಂತರ ಮೊದಲು ಅನುಮಾನಪಡಬೇಕಾದದ್ದು ಇದನ್ನೇ. ದುಡ್ಡು ಉಳಿಸಲೆಂದು ಹಳೇ ಬೇರಿಂಗನ್ನೇ ಹಾಕಿರಬಹುದು. ಅದಕ್ಕಿಂತ ಕೆಟ್ಟದ್ದೆಂದರೆ ಅದನ್ನು ಡೀಸೆಲ್‌ನಲ್ಲಿ ಅದ್ದಿ ತೊಳೆಯುವುದು. ಸೀಲ್ ಆದ ಬೇರಿಂಗಿನ ಒಳಗೆ ಕಂಪನಿ ತುಂಬಿದ ಗ್ರೀಸೇ ಅದರ ಜೀವ. ಡೀಸೆಲ್ ಒಳಗೆ ಇಳಿದರೆ ಗ್ರೀಸ್ ಕರಗುತ್ತದೆ, ಹೊರಗೆ ಫಳಫಳ ಹೊಳೆಯುವ ಬೇರಿಂಗ್ ಒಳಗೆ ಒಣಗಿರುತ್ತದೆ. ಕೈಯಲ್ಲಿ ಹಿಡಿದು ತಿರುಗಿಸಿದಾಗ ನುಣ್ಣಗೆ, ತುಸು ಬಿಗಿಯಾಗಿ ತಿರುಗಬೇಕು. ಗಿರಗಿಟ್ಲೆಯಂತೆ ಸಲೀಸಾಗಿ ತಿರುಗುತ್ತಲೇ ಇದ್ದರೆ ಒಳಗೆ ಗ್ರೀಸ್ ಉಳಿದಿಲ್ಲ, ಬದಲಾಯಿಸಿ. ಗರಗರ ಸಪ್ಪಳದ ಬದಲು ಒತ್ತುವಾಗೊಮ್ಮೆ ಬಿಡುವಾಗೊಮ್ಮೆ ‘ಕೀಂಯ್’ ಎಂದರೆ ಬೇರಿಂಗ್ ತಪ್ಪಲ್ಲ. ರಿಲೀಸ್ ಬೇರಿಂಗನ್ನು ತಳ್ಳುವ ಫೋರ್ಕ್ ಕೂರುವ ಜಾಗಕ್ಕೆ, ಇಲ್ಲವೇ ಪೆಡಲಿನ ಪಿನ್ನಿಗೆ ಗ್ರೀಸ್ ಬಿದ್ದಿಲ್ಲ.

ಮೂರನೆಯದಾಗಿ, ಪೆಡಲನ್ನು ತಳದವರೆಗೆ ಒತ್ತಿ ಹಿಡಿಯಿರಿ. ಎಂಜಿನ್ ತಿರುಗುತ್ತಿರುತ್ತದೆ, ಶಾಫ್ಟ್ ನಿಲ್ಲುತ್ತದೆ. ಇವೆರಡರ ನಡುವೆ, ಫ್ಲೈವೀಲಿನ ನಡುಮಧ್ಯೆ ಕೂತಿರುವ ಪೈಲಟ್ ಬೇರಿಂಗ್ ಈ ಹೊತ್ತಿನಲ್ಲಿ ಮಾತ್ರ ನಿಜವಾಗಿ ಕೆಲಸ ಮಾಡುತ್ತದೆ. ಮೆಲ್ಲಗೆ ಒತ್ತಿದಾಗ ಇಲ್ಲದ ಸಪ್ಪಳ ತಳಕ್ಕೆ ಒತ್ತಿದಾಗ ಬಂದರೆ ಇದನ್ನೇ ಹಿಡಿಯಿರಿ. ಚಿಕ್ಕ ಬೇರಿಂಗ್, ಬೆಲೆಯೂ ಕಡಿಮೆ. ಆದರೂ ಅದಕ್ಕಾಗಿ ಇಡೀ ಗೇರ್ ಬಾಕ್ಸ್ ಇಳಿಯಬೇಕು. ಕ್ಲಚ್ ಹಾಕುವಾಗಲೇ ಇದನ್ನೂ ಬದಲಿಸಿ ಎಂದು ಒತ್ತಿ ಹೇಳುವುದು ಅದಕ್ಕೇ.

ಒತ್ತಿದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂತಾಗಿ, ಗೇರ್ ಹಾಕಲು ಹೋದರೆ ಕಡಕ್ ಎಂದು ಹಲ್ಲು ಕಡಿಯುತ್ತಿದ್ದರೆ ಪ್ಲೇಟು ತಿರುವುಮುರುವಾಗಿ ಕೂತಿರುವ ಸಾಧ್ಯತೆ ಇದೆ. ಫ್ಲೈವೀಲ್ ಕಡೆ ಯಾವುದೆಂದು ಪ್ಲೇಟಿನ ಮೇಲೇ ಸಾಮಾನ್ಯವಾಗಿ ಬರೆದಿರುತ್ತದೆ. ಉಲ್ಟಾ ಹಾಕಿದರೆ ನಡುವಿನ ಸ್ಪ್ರಿಂಗಿನ ಉಬ್ಬು ಫ್ಲೈವೀಲ್ ಬೋಲ್ಟುಗಳಿಗೆ ತಾಗುತ್ತದೆ. ಇಂಥ ಗಾಡಿಯನ್ನು ಓಡಿಸಿ ನೋಡಲೇಬೇಡಿ.

ನಿಂತಾಗ ಸುಮ್ಮನಿದ್ದು, ಹೊರಡುವಾಗ ಇಡೀ ಕ್ಯಾಬಿನ್ ದಡದಡ ನಡುಗಿದರೆ ಕಾರಣ ಬೇರೆ: ಪ್ಲೇಟಿಗೆ ಎಣ್ಣೆ ಇಲ್ಲವೇ ಗ್ರೀಸ್ ತಾಗಿರಬಹುದು, ಎಂಜಿನ್ ಮೌಂಟಿಂಗ್ ಸಡಿಲವಿರಬಹುದು, ಬಿಸಿಗೆ ನೀಲಿಗಟ್ಟಿದ ಫ್ಲೈವೀಲನ್ನು ಲೇತಿಗೆ ಕೊಡದೆ ಹಾಗೇ ಹಾಕಿರಬಹುದು.

ಗೇರ್ ಬಾಕ್ಸ್ ಮತ್ತೆ ಇಳಿಸಲೇಬೇಕಾಗಿ ಬಂದರೆ ತಿರುಗಿ ಏರಿಸುವಾಗ ಹತ್ತಿರ ನಿಂತು ನೋಡಿಕೊಳ್ಳಿ. ಅದರ ಭಾರ ಜ್ಯಾಕಿನ ಮೇಲಿರಬೇಕು. ಬೋಲ್ಟ್ ಬಿಗಿಯುವ ಮೊದಲು ಶಾಫ್ಟಿನ ಮೇಲೆ ಜೋತುಬಿಟ್ಟರೆ ಹೊಸ ಪ್ಲೇಟಿನ ನಡುಭಾಗದ ಹಬ್ ಅಲ್ಲೇ ಸೊಟ್ಟಗಾಗುತ್ತದೆ. ಕ್ಲಚ್ಚಿನ ಸುತ್ತ ಕೂರುವ ಕವಚದ, ಅಂದರೆ ಬೆಲ್ ಹೌಸಿಂಗಿನ, ಜೋಡಣೆ ನೇರ ಕೂರಿಸುವ ಡೋವೆಲ್ ಪಿನ್ನುಗಳು ತಮ್ಮ ಜಾಗದಲ್ಲಿವೆಯೇ ಎಂದೂ ನೋಡಿ.

ರಿಲೀಸ್ ಬೇರಿಂಗ್ ಕೂಗುತ್ತಿರುವ ಗಾಡಿಗೆ ಲೋಡ್ ತುಂಬಿ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಅಂಕೋಲಾ ಕಡೆಗೆ ಬಿಡಬೇಡಿ. ಬೇರಿಂಗ್ ಒಡೆದರೆ ಕ್ಲಚ್ ಬಿಡುವುದಿಲ್ಲ, ಅರಬೈಲ್ ಘಟ್ಟದ ಇಳಿಜಾರಿನಲ್ಲಿ ಗೇರ್ ಇಳಿಸಲು ಆಗುವುದಿಲ್ಲ. ಬಾಡಿಗೆ ತಪ್ಪಿದರೂ ಸರಿ, ಹುಬ್ಬಳ್ಳಿಯಲ್ಲೇ ಬಿಚ್ಚಿಸಿ.