ಕೆಮ್ಮಣ್ಣಿನ ಮೇಲೆ ನನ್ನ ಆರ್‌ಸಿ ಬಗ್ಗಿ ಗಿರಕಿ ಹೊಡೆಯುವುದು ನಿಂತಿದ್ದು ಹೇಗೆ

ತುಮಕೂರಿನ ನಮ್ಮ ಬಡಾವಣೆಯಲ್ಲಿ ಸ್ನೇಹಿತರೊಬ್ಬರದು ಪಕ್ಕಪಕ್ಕದಲ್ಲೇ ಎರಡು ಖಾಲಿ ಸೈಟುಗಳಿವೆ. ಹಳೇ ಸಿಮೆಂಟ್ ಚೀಲಗಳಿಗೆ ಮಣ್ಣು ತುಂಬಿ ಅಂಚು ಕಟ್ಟಿ, ಅಲ್ಲೇ ಆರ್‌ಸಿ ಗಾಡಿಗಳಿಗೆ, ಅಂದರೆ ರಿಮೋಟಿನಲ್ಲಿ ಓಡಿಸುವ ಪುಟ್ಟ ಕಾರುಗಳಿಗೆ, ಟ್ರ್ಯಾಕ್ ಮಾಡಿಕೊಂಡಿದ್ದೇವೆ. ಕೆಳಗೆ ಗಟ್ಟಿ ಕೆಮ್ಮಣ್ಣು, ಮೇಲೊಂದು ಪದರ ನುಣ್ಣನೆ ಧೂಳು, ನಡುನಡುವೆ ಕಡಲೆಕಾಳಿನಷ್ಟು ಕಲ್ಲು. ನನ್ನದು 1/10 ಅಳತೆಯ, ಅಂದರೆ ನಿಜವಾದ ಗಾಡಿಯ ಹತ್ತನೇ ಒಂದರಷ್ಟಿನ, ಬಗ್ಗಿ, ಮಣ್ಣಿನ ಮೇಲೆ ಓಡಿಸುವ ರೇಸ್ ಕಾರು. ಬ್ಯಾಟರಿ ಸೇರಿ 1,600 ಗ್ರಾಂ ಆಸುಪಾಸು ತೂಗುತ್ತದೆ. ಮೋಟಾರಿನ ಶಕ್ತಿ ಹೋಗುವುದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ.

ಹೊಂಗೆ ಮರದ ಪಕ್ಕದ ತಿರುವಿನಲ್ಲಿ ಅದು ನನ್ನನ್ನು ಎರಡು ತಿಂಗಳು ಸತಾಯಿಸಿತು. ತಿರುವು ಮುಗಿದು ಇನ್ನೇನು ನೇರ ದಾರಿ ಹಿಡಿಯಬೇಕು, ರಿಮೋಟಿನಲ್ಲಿ ವೇಗ ಕೊಡುವ ಟ್ರಿಗರ್ ಒತ್ತಿದ ಕೂಡಲೇ ಹಿಂಭಾಗ ಬೀಸಿ ಗಿರಕಿ. ಗಾಡಿ ಓಲಾಡುತ್ತಿರುವುದೇ ಕಾರಣ ಎಂದು ಹಿಂದಿನ ಸ್ಪ್ರಿಂಗುಗಳನ್ನು ಗಟ್ಟಿ ಮಾಡಿದೆ. ಇನ್ನೂ ಕೆಟ್ಟಿತು. ಮೆತ್ತನೆಯವು ಹಾಕಿದೆ. ಆ ತಿರುವಿನಲ್ಲಿ ಸ್ವಲ್ಪ ಪರವಾಗಿಲ್ಲ ಅನ್ನಿಸಿದರೂ ಉಬ್ಬು ಬಂದಲ್ಲಿ ಮತ್ತೆ ಅದೇ ಕಥೆ. ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ತುಂಬಿದವು.

ಕಾರಣ ಹಿಡಿದವರು ನಮ್ಮ ಬೀದಿಯ ಬೈಕ್ ಮೆಕ್ಯಾನಿಕ್. ಒಂದು ಭಾನುವಾರ ಸುಮ್ಮನೆ ನೋಡಲು ಬಂದಿದ್ದರು. ನಾನು ಶಾಕ್ (ಸ್ಪ್ರಿಂಗ್ ಹೊತ್ತು ಕುಲುಕಾಟ ತಡೆಯುವ, ಎಣ್ಣೆ ತುಂಬಿದ ಕೊಳವೆ) ಬಿಚ್ಚಿಟ್ಟು ಕೂತಿದ್ದೆ. ಅವರು ಹಿಂದಿನ ಎಡಚಕ್ರವನ್ನು ಒಂದೇ ಬೆರಳಲ್ಲಿ ಮೇಲೆತ್ತಿ ಬಿಟ್ಟರು. ಎತ್ತಿದ ಜಾಗದಲ್ಲೇ ಚಕ್ರ ನಿಂತುಬಿಟ್ಟಿತು.

"ಸಾರ್, ಇದು ಕೆಳಗೇ ಬೀಳ್ತಾ ಇಲ್ವಲ್ಲ? ಶಾಕ್ ಇಲ್ದೇನೂ ಹಿಂಗೆ ನಿಂತ್ರೆ, ನೀವು ಯಾವ ಸ್ಪ್ರಿಂಗ್ ಹಾಕಿದ್ರೇನು?"

ಚಕ್ರವನ್ನು ಹಿಡಿದುಕೊಂಡು ಮೇಲೆ ಕೆಳಗೆ ಆಡುವ ಸಸ್ಪೆನ್ಷನ್ ತೋಳು ತಿರುಗುವ ಪಿನ್ನನ್ನು ಎಳೆದು ನೋಡಿದರೆ, ಪಿನ್ನಿನ ಸುತ್ತ ಧೂಳು ಒತ್ತಿ ಒತ್ತಿ ಕುಂಕುಮ ಕಲಸಿದ ಹಾಗೆ ಗಟ್ಟಿಯಾಗಿ ಅಂಟಿತ್ತು. ಜಾರಲಿ ಎಂದು ನಾನೇ ಹಿಂದೊಮ್ಮೆ ಬಿಟ್ಟಿದ್ದ ಎಣ್ಣೆ ಆ ಧೂಳನ್ನು ಹಿಡಿದಿಟ್ಟಿತ್ತು. ಪಿನ್ನನ್ನು ಗಾಜಿನ ಮೇಲೆ ಉರುಳಿಸಿದೆ, ತುಸು ಬಾಗಿದ್ದೂ ಕಂಡಿತು. ಹೊಸ ಪಿನ್ ಹಾಕಿ, ತೂತನ್ನು ಒಣಬಟ್ಟೆಯಿಂದ ಒರೆಸಿ, ಎಣ್ಣೆ ಮುಟ್ಟಿಸದೆ ಜೋಡಿಸಿದೆ. ಈಗ ತೋಳನ್ನು ಎತ್ತಿ ಬಿಟ್ಟರೆ ಟಪ್ ಎಂದು ತನ್ನ ಭಾರಕ್ಕೇ ಬೀಳುತ್ತದೆ. ಚಕ್ರ ಹೀಗೆ ಸಲೀಸಾಗಿ ಕೆಳಗಿಳಿದರೆ ತಾನೆ ತಗ್ಗಿನಲ್ಲೂ ನೆಲ ಹಿಡಿಯುವುದು! ಎರಡು ತಿಂಗಳ ಗಿರಕಿಯಲ್ಲಿ ಅರ್ಧಕ್ಕರ್ಧ ಅವತ್ತೇ ಹೋಯಿತು. ನಾಲ್ಕು ಪುಟದ ಟಿಪ್ಪಣಿಗೆ ಅಡ್ಡಗೆರೆ ಎಳೆದು ಮೊದಲಿನಿಂದ ಶುರುಮಾಡಿದೆ. ಆಮೇಲಿಂದ ಒಂದು ಸಲಕ್ಕೆ ಒಂದೇ ಬದಲಾವಣೆ, ಅದಾದ ಮೇಲೆ ಹತ್ತು ಸುತ್ತು.

ಉಳಿದರ್ಧದಲ್ಲಿ ಹೆಚ್ಚಿನದು ಟಯರಿನದು. ಮೊದಲು ನನ್ನ ಹಿಂದಿನ ಟಯರುಗಳಲ್ಲಿ ಎತ್ತರದ, ದೂರದೂರದ ರಬ್ಬರ್ ಮುಳ್ಳುಗಳಿದ್ದವು. ಉತ್ತ ಹೊಲದಂಥ ಸಡಿಲ ಮಣ್ಣಿಗೆ ಅವು ಸರಿ. ಗಟ್ಟಿ ನೆಲದ ಮೇಲೆ ಮುಳ್ಳು ಬಾಗಿಕೊಂಡು ಟಯರ್ ತೇಲುತ್ತದೆ. ಗಿಡ್ಡನೆಯ, ಒತ್ತೊತ್ತಾದ ಮುಳ್ಳಿನವು ಹಾಕಿದ ಮೇಲೆ ಹಿಂಭಾಗ ನೆಲಕ್ಕೆ ಕಚ್ಚಿಕೊಂಡಿತು. ಮುಂದಕ್ಕೆ ಉದ್ದುದ್ದ ಗೆರೆಗಳ ಟಯರು. ತೀರಾ ಮೆತ್ತನೆಯ ರಬ್ಬರು ಹಿಡಿತ ಕೊಡುತ್ತದೆ, ನಿಜ, ಆದರೆ ನಮ್ಮ ಗರಸು ಮಣ್ಣು ಅದನ್ನು ಉಪ್ಪುಕಾಗದದ ಹಾಗೆ ತಿಂದುಹಾಕುತ್ತದೆ. ನನ್ನ ಆಯ್ಕೆ ಮಧ್ಯಮ. ಇನ್ನೊಂದು, ರಿಮ್ಮಿನ ಗಾಳಿತೂತಿನಿಂದ ಧೂಳು ಒಳಗೆ ಸೇರಿ ಒಳಗಿನ ಫೋಮ್ ಭಾರವಾಗಿ ಚಕ್ರ ಅದುರುತ್ತಿತ್ತು. ರಿಮ್ಮಿನ ತೂತಿಗೆ ಟೇಪ್ ಅಂಟಿಸಿ, ಟಯರಿನಲ್ಲೇ ಎದುರುಬದುರು ಎರಡು ಸಣ್ಣ ತೂತು ಕೊರೆದೆ. ಒಳಗೆ ಹೋದ ಧೂಳು ಓಡುವಾಗ ಅಲ್ಲಿಂದಲೇ ಆಚೆ ಬರುತ್ತದೆ.

ಶಾಕ್ ಎಣ್ಣೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಹೊರದೇಶದ ರೇಸರ್‌ಗಳ ಸೆಟಪ್ ನೋಡಿ ನಾನು ಹಿಂದಕ್ಕೆ 30 ವೇಯ್ಟ್ ಎಣ್ಣೆ ಹಾಕಿದ್ದೆ. ವೇಯ್ಟ್ ಎಂದರೆ ಇಲ್ಲಿ ತೂಕವಲ್ಲ, ಎಣ್ಣೆ ಎಷ್ಟು ಮಂದ ಎನ್ನುವ ದರ್ಜೆ; ಸಂಖ್ಯೆ ಹೆಚ್ಚಿದಷ್ಟೂ ಎಣ್ಣೆ ಮಂದ. ಬೆಳಿಗ್ಗೆ ಏಳಕ್ಕೆ ಚೆನ್ನಾಗಿಯೇ ಓಡುತ್ತಿದ್ದ ಗಾಡಿ, ಏಪ್ರಿಲ್ ಮಧ್ಯಾಹ್ನ ಜಂಪಿನಿಂದ ಇಳಿದಾಗ ಹೊಟ್ಟೆ ನೆಲಕ್ಕೆ ಬಡಿಯುತ್ತಿತ್ತು. ಸಿಲಿಕೋನ್ ಎಣ್ಣೆಯೂ ಬಿಸಿಗೆ ತೆಳ್ಳಗಾಗುತ್ತದೆ. ನಮ್ಮ ಬೇಸಿಗೆಗೆ ಒಂದು ಮೆಟ್ಟಿಲು ಮೇಲೆ ಹೋಗಿ 35 ಹಾಕಿದೆ, ಬಡಿತ ನಿಂತಿತು. ಮಳೆಗಾಲಕ್ಕೆ ಮತ್ತೆ 30. ಕೊಳ್ಳುವಾಗ ವೇಯ್ಟ್ ಸಂಖ್ಯೆಯನ್ನಷ್ಟೇ ನಂಬಬೇಡಿ. ಒಂದು ಕಂಪನಿಯ 30 ಇನ್ನೊಂದರ 30 ಆಗಿರುವುದಿಲ್ಲ. ಬಾಟಲಿಯ ಮೇಲೆ ಸಾಮಾನ್ಯವಾಗಿ ಸಿಎಸ್‌ಟಿ (ಸೆಂಟಿಸ್ಟೋಕ್, ಎಣ್ಣೆಯ ಮಂದತನ ಅಳೆಯುವ ಮಾನ) ಎಂಬ ಸಂಖ್ಯೆಯೂ ಇರುತ್ತದೆ, ಹೋಲಿಸಬೇಕಾದ್ದು ಅದನ್ನು. ನನ್ನ 30 ಎಂದರೆ 350 ಸಿಎಸ್‌ಟಿ, 35 ಎಂದರೆ 425. ತುಂಬಿದ ಮೇಲೆ ಗುಳ್ಳೆಗಳೆಲ್ಲ ಮೇಲೆ ಬರುವವರೆಗೆ ಕಾಯುವ ತಾಳ್ಮೆ ಬೇಕು. ಮುಚ್ಚಳ ಹಾಕಿ, ಎಡಬಲದ ಎರಡೂ ಶಾಕ್‌ಗಳನ್ನು ಕೈಯಲ್ಲಿ ಹಿಡಿದು ಒಟ್ಟಿಗೆ ಒತ್ತುತ್ತೇನೆ. ಒಂದು ಮೊದಲು, ಒಂದು ಆಮೇಲೆ ಎದ್ದರೆ ಮತ್ತೆ ಬಿಚ್ಚುವುದೇ. ಈ ವ್ಯತ್ಯಾಸ ಇಟ್ಟುಕೊಂಡು ಓಡಿಸಿದರೆ ಗಾಡಿ ಎಡಕ್ಕೆ ಒಂಥರ, ಬಲಕ್ಕೆ ಒಂಥರ ತಿರುಗುತ್ತದೆ.

ಎತ್ತರ, ಕೋನಗಳದ್ದು ಬೇಗ ಹೇಳಿ ಮುಗಿಸುತ್ತೇನೆ. ಬ್ಯಾಟರಿ ಹಾಕಿದ ಗಾಡಿಯನ್ನು ಗೇಣು ಎತ್ತರದಿಂದ ಬಿಟ್ಟು, ಅದು ಕೂತ ಮೇಲೆ ಹೊಟ್ಟೆಯಡಿ ಅಳೆಯುತ್ತೇನೆ: ಹಿಂದೆ ಮುಂದೆ ಎರಡೂ ಕಡೆ 23 ಮಿಲಿಮೀಟರ್. ಚಕ್ರದ ತಲೆ ಒಳಕ್ಕೆ ವಾಲುವುದು ಮುಂದೆ 1 ಡಿಗ್ರಿ, ಹಿಂದೆ 2. ಹಿಂಚಕ್ರಗಳ ಮೂತಿ ಒಳಮುಖವಾಗಿ 3 ಡಿಗ್ರಿ, ಅದನ್ನು ಕಂಪನಿ ಕೊಟ್ಟಂತೆಯೇ ಬಿಟ್ಟಿದ್ದೇನೆ. ಬ್ಯಾಟರಿಯನ್ನು ಒಂದು ಸೆಂಟಿಮೀಟರ್ ಹಿಂದಕ್ಕೆ ಸರಿಸಿದ್ದು ಮಾತ್ರ ನಾನು ಎಣಿಸಿದ್ದಕ್ಕಿಂತ ಹೆಚ್ಚು ಫಲ ಕೊಟ್ಟಿತು. ಎಳೆಯುವ ಚಕ್ರದ ಮೇಲೆ ಭಾರ ಬಿದ್ದರೆ ಧೂಳಲ್ಲೂ ಅದು ಕಚ್ಚಿಕೊಳ್ಳುತ್ತದೆ. ಇನ್ನೂ ಹಿಂದಕ್ಕೆ ತಳ್ಳಿದಾಗ ಮುಂಭಾಗ ಹಗುರಾಗಿ ತಿರುಗಲೊಲ್ಲದು ಎಂದಿತು, ಅದಕ್ಕೇ ಅಲ್ಲಿಗೆ ನಿಲ್ಲಿಸಿದೆ.

ಕೊನೆಯದು ಬ್ರೇಕ್. ಇಂಥ ಬಗ್ಗಿಯಲ್ಲಿ ಬ್ರೇಕ್ ಹಿಡಿಯುವುದೂ ಹಿಂಚಕ್ರಗಳನ್ನೇ. ತಿರುವಿನೊಳಗೆ ಟ್ರಿಗರ್ ಬಿಟ್ಟರೆ ತಾನಾಗಿ ಹಿಡಿಯುವ ಬ್ರೇಕ್ ನನ್ನ ಸ್ಪೀಡ್ ಕಂಟ್ರೋಲರಿನಲ್ಲಿ 20 ಶೇಕಡಾ ಇತ್ತು. ಓಡುವ ಸೈಕಲ್ಲಿಗೆ ಹಿಂದಿನ ಬ್ರೇಕ್ ಒತ್ತಿ ಹಿಡಿದಂತೆ ಗಾಡಿ ಅಡ್ಡಡ್ಡ ಜಾರುತ್ತಿತ್ತು. 8ಕ್ಕೆ ಇಳಿಸಿದೆ. ಈಗ ಹೊಂಗೆ ಮರದ ಹತ್ತಿರ ಟ್ರಿಗರ್ ಬಿಟ್ಟರೆ ಭಾರ ಮೆಲ್ಲಗೆ ಮುಂದಕ್ಕೆ ಬಂದು ಮೂತಿ ಒಳಕ್ಕೆ ತಿರುಗುತ್ತದೆ, ಮತ್ತೆ ಒತ್ತಿದರೆ ಧೂಳೆಬ್ಬಿಸಿಕೊಂಡು ನೇರ ಹೊರಡುತ್ತದೆ.

ಓಡಿಸಿ ಬಂದ ಸಂಜೆ ಪೇಂಟ್ ಬ್ರಷ್ಷಿನಲ್ಲಿ ಧೂಳು ಕೊಡವಿ, ಶಾಕ್‌ಗಳ ಕೆಳತುದಿ ಬಿಚ್ಚಿ, ನಾಲ್ಕೂ ತೋಳುಗಳನ್ನು ಒಂದೊಂದಾಗಿ ಎತ್ತಿ ಬಿಡುತ್ತೇನೆ. ನಾಲ್ಕು ಸಲ ಟಪ್ ಎಂದು ಕೇಳಿದ ಮೇಲೆಯೇ ಗಾಡಿ ಕಪಾಟಿಗೆ.