ಪ್ರಸಂಗಕ್ಕೆ ಕರೆದರು, ಬೀಗದ ಕೈ ಮಾತ್ರ ಕೊಡಲಿಲ್ಲ

ಮಂಡ್ಯದ ಹತ್ತಿರ ನಮ್ಮದೊಂದು ಪ್ರಾಟೆಸ್ಟೆಂಟ್ ಸಭೆ, ಅಂದರೆ ಚರ್ಚು. ಅರವತ್ತು ಮನೆ ಇರಬಹುದು. ಹೆಸರು ಬೇಡ, ಎಲ್ಲರೂ ಗುರುತಿನವರೇ. ಅಲ್ಲಿ ನಾನು ಖಜಾಂಚಿಯಾಗಿ ಆರು ವರ್ಷ ಆಯಿತು. ನನಗಿಂತ ಮೊದಲು ಆ ಕುರ್ಚಿಯಲ್ಲಿ ಹೆಂಗಸು ಕೂತಿರಲಿಲ್ಲ.

ಶುರುವಾದದ್ದು ಪ್ರಸಂಗದಿಂದ, ಅಂದರೆ ಆರಾಧನೆಯಲ್ಲಿ ಹೇಳುವ ಉಪದೇಶದಿಂದ. ನಮ್ಮ ಸಭಾಪಾಲಕರು (ಪಾಸ್ಟರು) ಮೂರು ಊರು ನೋಡಿಕೊಳ್ಳಬೇಕು, ಒಂದು ಭಾನುವಾರ ಬರಲಾಗಲಿಲ್ಲ, "ಟೀಚರಮ್ಮ, ನೀವೇ ನಾಲ್ಕು ಮಾತು ಹೇಳಿಬಿಡಿ" ಅಂತ ಫೋನ್ ಮಾಡಿದರು. ಸಭೆಯ ಹಿರಿಯರೊಬ್ಬರು ಅಡ್ಡ ಬಂದರು. ಬೈಬಲಿನಲ್ಲಿ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರ, 14ನೇ ಅಧ್ಯಾಯ, ಹೆಂಗಸರು ಸಭೆಯಲ್ಲಿ ಸುಮ್ಮನಿರಬೇಕು ಅನ್ನುವ ವಚನ. ಗೊತ್ತಿದ್ದದ್ದೇ. "ಅಣ್ಣ, ಅದೇ ಪತ್ರದ 11ನೇ ಅಧ್ಯಾಯ, 5ನೇ ವಚನ ಸ್ವಲ್ಪ ಓದಿ" ಅಂದೆ. ಹೆಂಗಸು ಪ್ರಾರ್ಥನೆ ಮಾಡುವಾಗ, ಪ್ರವಾದಿಸುವಾಗ, ಅಂದರೆ ದೇವರ ಮಾತು ಸಾರುವಾಗ, ತಲೆಗೆ ಮುಸುಕು ಇರಬೇಕು ಅಂತ ಪೌಲ ಹೇಳುವುದು ಅಲ್ಲೇ. ಬಾಯೇ ತೆಗೆಯಬಾರದು ಅಂತಿದ್ದರೆ ಮುಸುಕಿನ ಮಾತು ಯಾಕೆ ಬರುತ್ತಿತ್ತು, ಅಲ್ವಾ? ಅವರು ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಂದು ಸಲ ಓದಿದರು. "ಸರಿ, ಸೆರಗು ಹೊದ್ಕೊಳಿ" ಅಂದರು. ಹೊದ್ದುಕೊಂಡೆ. ಆವತ್ತು ಪೌಲನ ಕಾಲದಲ್ಲಿ ಸಭೆಯ ಸೇವೆ ಮಾಡುತ್ತಿದ್ದ ಫೊಯಿಬೆ ಅನ್ನುವ ಹೆಂಗಸಿನ ಬಗ್ಗೆ ಮಾತಾಡಿದೆ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ಶುರುವಾಗುವುದೇ ಅವಳ ಹೆಸರಿನಿಂದ. ಅವಳಿಗೆ ಪೌಲ ಬಳಸುವ ಗ್ರೀಕ್ ಪದ ಡಿಯಾಕೊನೊಸ್, ಅಂದರೆ ಸೇವಕ; ಬೇರೆ ಕಡೆ ತನಗೂ ಅದನ್ನೇ ಬಳಸಿಕೊಳ್ಳುತ್ತಾನೆ.

ಪ್ರಸಂಗ ಎಲ್ಲರಿಗೂ ಹಿಡಿಸಿತು. ಆಮೇಲೆ ಆಗಾಗ ಕರೆದರು. ಅಲ್ಲಿಗೆ ಎಲ್ಲ ಆಯಿತು ಅಂದುಕೊಂಡಿದ್ದೆ, ದಡ್ಡಿ.

2013ರಲ್ಲಿ ಪುಷ್ಪಲಲಿತ ಅವರು ಆಂಧ್ರದ ನಂದ್ಯಾಲಕ್ಕೆ ಬಿಷಪ್ ಆದರು, ದಕ್ಷಿಣ ಭಾರತ ಸಭೆಯಲ್ಲಿ (ಸಿಎಸ್‌ಐ) ಮೊದಲ ಮಹಿಳಾ ಬಿಷಪ್. ಪೇಪರಿನಲ್ಲಿ ಬಂದ ಅವರ ಫೋಟೋ ಕತ್ತರಿಸಿ ಬೈಬಲಿನಲ್ಲಿ ಇಟ್ಟುಕೊಂಡಿದ್ದೆ. ಖಜಾಂಚಿ ಜಾಗಕ್ಕೆ ನನ್ನ ಹೆಸರು ಬಂದಾಗ ಅದನ್ನು ತೋರಿಸಿದೆ. ಅದೇ ಅಣ್ಣ, "ಬಿಷಪ್ ಆದ್ರೆ ಆಗ್ಲಿ ಬಿಡಮ್ಮ, ದುಡ್ಡಿನ ವಿಚಾರ ಬೇರೆ" ಅಂದರು. ಅಲ್ಲಿಗೆ ನನ್ನ ಹೆಸರು ಬಿದ್ದುಹೋಯಿತು.

ನನಗೆ ದಾರಿ ಸಿಕ್ಕಿದ್ದು ಸುಗ್ಗಿ ಹಬ್ಬದ ದಿನ ಚರ್ಚಿಗೆ ತಂದ ಬೆಳೆಯ ಹರಾಜಿನಲ್ಲಿ. ನಮ್ಮ ಕಡೆ ಬೆಳೆ ಏನಿದೆಯೋ ಅದು ಬರುತ್ತದೆ: ಬಾಳೆಗೊನೆ, ಕಬ್ಬು, ಅಚ್ಚು ಬೆಲ್ಲ, ನಾಟಿ ಹುಂಜ. ಖುಷಿಗೆ ಬಿದ್ದು ಒಂದು ತೆಂಗಿನಕಾಯಿಯನ್ನು ಐನೂರಕ್ಕೆ ಏರಿಸಿ, "ಆಮೇಲೆ ಕೊಡ್ತೀನಿ" ಅಂತ ಕಾಯಿ ಹಿಡಿದುಕೊಂಡು ಮನೆಗೆ ಹೋಗುವವರೇ ಜಾಸ್ತಿ. ಯಾರೂ ಬರೆದಿಡುತ್ತಿರಲಿಲ್ಲ. ಒಂದು ವರ್ಷ ಅಡುಗೆ ಮನೆ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಯಾರು, ಏನು, ಎಷ್ಟು, ಕೊಟ್ಟರಾ ಇಲ್ಲವಾ, ಎಲ್ಲ ಬರೆದೆ. ವಾರ್ಷಿಕ ಸಭೆಯಲ್ಲಿ ಲೆಕ್ಕ ಕೂಡಲಿಲ್ಲ. ನಾನು ಎದ್ದು ಬಾಕಿ ಓದಿದೆ. ಎರಡನೇ ಹೆಸರೇ ಆ ಅಣ್ಣನದು, ಎರಡು ಬಾಳೆಗೊನೆ, ಒಂದು ಹುಂಜ, 2,350 ರೂಪಾಯಿ. ಹಿಂದಿನ ಬೆಂಚಿನ ಹುಡುಗರು ಕಿಸಕ್ಕನೆ ನಕ್ಕರು. ಅಣ್ಣ ಮುಂದಿನ ಭಾನುವಾರವೇ ತಂದು ಕೊಟ್ಟರು, ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಆ ವರ್ಷ ನನ್ನನ್ನು ಆರಿಸಿದ್ದು ಫೊಯಿಬೆಯ ಮೇಲಿನ ಪ್ರೀತಿಗಲ್ಲ, ನೋಟ್‌ಬುಕ್ ನನ್ನ ಹತ್ತಿರ ಇತ್ತು ಅಂತ.

ಆದರೂ ಕಾಣಿಕೆ ಪೆಟ್ಟಿಗೆಗೆ ಎರಡು ಬೀಗ, ನನಗೆ ಕೊಟ್ಟಿದ್ದು ಒಂದರ ಕೈ. ಇನ್ನೊಂದು ಆ ಅಣ್ಣನ ಮನೆಯಲ್ಲಿ. ಪ್ರತಿ ಭಾನುವಾರ ಹೋಗಿ ಕೇಳಬೇಕು, ಅವರ ಮನೆಯ ಅಕ್ಕ ಕಾಫಿ ಕೊಡುತ್ತಿದ್ದರು, ಅಣ್ಣ ಒಳಗಿಂದ ನಿಧಾನಕ್ಕೆ ಬರುತ್ತಿದ್ದರು. ಜಗಳಕ್ಕೆ ಹೋಗಲಿಲ್ಲ. ಆರಾಧನೆ ಮುಗಿದ ಕೂಡಲೇ ಮೂರು ಬೇರೆ ಬೇರೆ ಮನೆಯವರು ಕೂತು ಕಾಣಿಕೆ ಎಣಿಸಬೇಕು, ಮೂವರೂ ಸಹಿ ಹಾಕಬೇಕು, ಸೋಮವಾರ ಬ್ಯಾಂಕಿಗೆ ಕಟ್ಟಬೇಕು, ತಿಂಗಳ ಲೆಕ್ಕ ಬಾಗಿಲ ಪಕ್ಕದ ಬೋರ್ಡಿಗೆ ಅಂಟಿಸಬೇಕು ಅಂತ ಕಮಿಟಿಯಲ್ಲಿ ಬರೆಸಿದೆ. ದುಡ್ಡು ಪೆಟ್ಟಿಗೆಯಲ್ಲಿ ಉಳಿಯುವುದೇ ನಿಂತ ಮೇಲೆ ಆ ಕೀಲಿಕೈಗೆ ಬೆಲೆ ಉಳಿಯಲಿಲ್ಲ. ಒಂದು ದಿನ ಅವರೇ ತಂದು ಮೇಜಿನ ಮೇಲಿಟ್ಟರು.

ಈಗ ಕಮಿಟಿಯಲ್ಲಿ ಮೂವರು ಹೆಂಗಸರಿದ್ದೇವೆ. ಕ್ರಿಸ್ಮಸ್ ಊಟದ ಸಾಮಾನಿನ ಪಟ್ಟಿ ಮಾತ್ರ ಪ್ರತಿ ವರ್ಷ ಕೇಳದೇ ನನ್ನ ಕೈಗೇ ಬರುತ್ತಿತ್ತು. ಈ ಸಲ ಅದನ್ನು ಅಣ್ಣನಿಗೆ ದಾಟಿಸಿದ್ದೇನೆ. ಇನ್ನೂರು ಜನಕ್ಕೆ ಅಕ್ಕಿ ಎಷ್ಟು ಕೆಜಿ ಅಂತ ಬೆಳಿಗ್ಗೆಯಿಂದ ನಾಲ್ಕು ಸಲ ಫೋನ್ ಮಾಡಿದ್ದಾರೆ.