ಒಂದು ‘ಬ್ರೇಕ್’, ನಾಲ್ಕು ಖ್ಮೇರ್ ಮಾತು: ನನ್ನ ಅನುಭವ

ಕಾಂಬೋಡಿಯಾದ ಫ್ನಾಮ್ ಪೆನ್‌ನ ಸಂಜೆ ಇಂಗ್ಲಿಷ್ ಕ್ಲಾಸಿಗೆ ‘ಬ್ರೇಕ್’ ಪದ ಕಲಿಸೋಕೆ ಮಡಕೆ ತಗೊಂಡು ಹೋಗ್ತೀನಿ ಅಂದಾಗ ಜೊತೆಯ ಮೇಷ್ಟ್ರುಗಳು ಯಾರೂ ಒಪ್ಪಲಿಲ್ಲ. ಈಗ ಅವರಲ್ಲೇ ಮೂವರು ನನ್ನ ಸಾಮಾನಿನ ಬುಟ್ಟಿ ಕೇಳಿ ತಗೊಂಡು ಹೋಗುತ್ತಾರೆ. ಹೊರದೇಶದಲ್ಲಿ ಇಂಗ್ಲಿಷ್ ಕಲಿಸುವ ನಮ್ಮವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲ ವರ್ಷ ನಾನೂ ಎಲ್ಲರ ಹಾಗೇ ‘ಬ್ರೇಕ್’ ಪದದ ಹದಿನಾರು ಅರ್ಥ ಟೈಪ್ ಮಾಡಿ, ಜೆರಾಕ್ಸ್ ಮಾಡಿಸಿ ಹಂಚಿದೆ. ಜೆರಾಕ್ಸಿಗೇ ಹದಿನೈದು ಡಾಲರ್ ಹೋಯ್ತು. ಪರೀಕ್ಷೆಯಲ್ಲಿ 22 ಜನರಲ್ಲಿ ಸರಿ ಬರೆದವರು ಐದೋ ಆರೋ. ಉಳಿದವರು ಬೈಕ್ ‘ಬ್ಯಾಡ್’ ಆಯ್ತು, ಲೋಟ ‘ಸೆಪರೇಟ್’ ಆಯ್ತು ಅಂತ ಬರೆದಿದ್ದರು. ಒಬ್ಬ ಹುಡುಗಿ ‘ಮೈ ಹಾರ್ಟ್ ಈಸ್ ಸ್ಪಾಯ್ಲ್ಡ್’ ಅಂತ ಬರೆದಿದ್ದಳು. ಕೆಂಪು ಗೀಟು ಎಳೆದೆ. ಆ ವಾಕ್ಯ ಎಲ್ಲಿಂದ ಬಂತು ಅಂತ ಕೇಳಲೇ ಇಲ್ಲ. ಇವತ್ತಿಗೂ ಅದು ನನಗೆ ಬೇಜಾರು.

ದಾರಿ ತೋರಿಸಿದ್ದು ಮನೆ ಓನರಮ್ಮ. ನಾನು ಅವರನ್ನು ‘ಮಿಂಗ್’ ಅಂತೀನಿ, ಅಲ್ಲಿನ ಖ್ಮೇರ್ ಭಾಷೆಯಲ್ಲಿ ಚಿಕ್ಕಮ್ಮ ಅಂತ. ಅವರು ನನ್ನನ್ನು ‘ಲೋಕ್ ಕ್ರೂ’ ಅಂತಾರೆ. ಆ ಕ್ರೂ ನಮ್ಮ ಗುರುವೇ. ಒಂದು ವಾರ ಮನೆಯಲ್ಲಿ ಬರೀ ಹಾಳಾಗುವ ಕೆಲಸವೇ. ಫ್ಯಾನ್ ನಿಂತಿತು, ಮಿಂಗ್ ‘ಖೋಚ್’ ಅಂದರು. ಬಟ್ಟಲು ಕೈಜಾರಿತು, ‘ಬಯೆಕ್’. ಬಟ್ಟೆ ಒಣಹಾಕುವ ಹಗ್ಗ ತುಂಡಾಯ್ತು, ‘ಡಚ್’. ಪೊರಕೆ ಕೋಲು ಎರಡಾಯ್ತು, ‘ಬಕ್’. ಇಂಗ್ಲಿಷಲ್ಲಿ ನಾಲ್ಕಕ್ಕೂ ಬ್ರೇಕೇ. ನಮ್ಮಲ್ಲಿ? ಫ್ಯಾನ್ ಕೆಟ್ಟಿತು, ಬಟ್ಟಲು ಒಡೆಯಿತು, ಹಗ್ಗ ಹರಿಯಿತು, ಕೋಲು ಮುರಿಯಿತು. ನಾಲ್ಕಕ್ಕೆ ನಾಲ್ಕೂ ಜೋಡಿ! ಆ ರಾತ್ರಿ ನಿದ್ದೆ ಬರಲಿಲ್ಲ. ಇಷ್ಟು ದಿನ ಇಂಗ್ಲಿಷ್ ಕಡೆಯಿಂದ ಹೊರಡುತ್ತಿದ್ದೆ. ಹೊರಡಬೇಕಾಗಿದ್ದು ಖ್ಮೇರ್ ಕಡೆಯಿಂದ.

ಪಾಠದ ಮೊದಲ ದಿನ ಬುಟ್ಟಿಯಲ್ಲಿ ನಾಲ್ಕೇ ಸಾಮಾನು: ಒಣ ಬಿದಿರುಕಡ್ಡಿ, ಮಡಕೆ, ನೂಲು, ಕೆಟ್ಟ ಅಲಾರಂ ಗಡಿಯಾರ. ಒಂದೊಂದನ್ನೇ ಎತ್ತಿ ತೋರಿಸುತ್ತೇನೆ, ಮುರಿಯುತ್ತೇನೆ. ಏನಾಯ್ತು ಅಂತ ಮಕ್ಕಳು ಖ್ಮೇರ್‌ನಲ್ಲಿ ಕೂಗಬೇಕು. ನಾಲ್ಕೂ ಮಾತು ಬೋರ್ಡಿನ ಮೇಲೆ ಬಂದ ಮೇಲೆ ಸುತ್ತ ಒಂದೇ ಗೆರೆ ಎಳೆದು ‘ಬ್ರೇಕ್’ ಬರೆಯುತ್ತೇನೆ. ಆಮೇಲೆ ಒಂದು ಫೋನ್ ಕೈಗೆತ್ತಿಕೊಂಡು ಕೇಳುತ್ತೇನೆ. ಗಾಜು ಒಡೆದರೆ? ಬಯೆಕ್. ಫೋನೇ ಕೆಟ್ಟರೆ? ಖೋಚ್. ಮಾತಾಡ್ತಾ ಲೈನ್ ಹೋದರೆ? ಡಚ್. ಒಂದೇ ಫೋನಿಗೆ ಮೂರು ಮಾತು.

ಇಂಗ್ಲಿಷ್ ಕ್ಲಾಸಲ್ಲಿ ಖ್ಮೇರ್ ಮಾತಾಡಿಸಬಾರದು ಅಂತ ಹಿರಿಯ ಮೇಷ್ಟ್ರು ಒಬ್ಬರು ಗಲಾಟೆ ಮಾಡಿದರು. ಅವರು ತಡೆಯುವ ಮೊದಲೇ ನನ್ನ ತಪ್ಪುಗಳೇ ನನ್ನನ್ನು ತಡೆದವು. ಮೊದಲ ದಿನ ಒರುಸ್ಸೆ ಮಾರ್ಕೆಟ್ಟಿಂದ ಪಿಂಗಾಣಿ ತಟ್ಟೆ ತಂದಿದ್ದೆ, ಒಂದಕ್ಕೆ ಸುಮಾರು 6,000 ರಿಯೆಲ್. ಡಾಲರಿಗೆ 4,000 ರಿಯೆಲ್ ಲೆಕ್ಕ, ಅಂದರೆ ಒಂದೂವರೆ ಡಾಲರ್. ಚೂರು ಸಿಡಿದು ಮುಂದಿನ ಬೆಂಚಿನ ಹುಡುಗನ ಬೆರಳು ಕೊಯ್ಯಿತು. ಬ್ಯಾಂಡೇಜಿಗೂ ನಾನೇ ಕೊಟ್ಟೆ, ಕ್ಷಮೆಯೂ ಕೇಳಿದೆ. ಆಮೇಲೆ ಮಣ್ಣಿನ ಮಡಕೆ ಹಿಡಿದೆ. ಕಂಪಾಂಗ್ ಛ್ನಾಂಗ್ ಮಡಕೆಗೇ ಹೆಸರಾದ ಊರು. ಛ್ನಾಂಗ್ ಅಂದರೇ ಮಡಕೆ. ಚಿಕ್ಕದು 2,000 ರಿಯೆಲ್‌ಗೆ ಸಿಗುತ್ತದೆ. ಅದನ್ನು ಅಕ್ಕಿಚೀಲದೊಳಗಿಟ್ಟು ಒಡೆಯುತ್ತೇನೆ. ಸದ್ದು ಬರುತ್ತದೆ, ಚೂರು ಸಿಡಿಯಲ್ಲ. ಎರಡು ತಿಂಗಳಲ್ಲಿ ಕೈಯಿಂದ ಹೋದದ್ದು ಸುಮಾರು 35 ಡಾಲರ್. ಗಂಟೆಗೆ ಹತ್ತು ಡಾಲರ್ ಸಂಪಾದಿಸುವವನಿಗೆ ಅದು ಕಡಿಮೆ ದುಡ್ಡೇನಲ್ಲ.

ಕನ್ನಡವೂ ಒಂದು ಕಡೆ ದಾರಿ ತಪ್ಪಿಸಿತು. ನಮಗೆ ಹಗ್ಗವೂ ಹರಿಯುತ್ತದೆ, ಬಟ್ಟೆಯೂ ಹರಿಯುತ್ತದೆ ಅಲ್ವಾ? ಆ ಧೈರ್ಯದ ಮೇಲೆ ಹಳೇ ಬಟ್ಟೆ ಹರಿದು ‘ಡಚ್’ ಅಂದೆ. ಇಡೀ ಕ್ಲಾಸ್ ‘ರೊಹಯೆಕ್!’ ಅಂತ ತಿದ್ದಿತು. ಬಟ್ಟೆಗೆ ಅವರಲ್ಲಿ ಬೇರೆ ಮಾತು, ಇಂಗ್ಲಿಷಲ್ಲೂ ಬೇರೆ. ಕನ್ನಡ ನೆಚ್ಚಿಕೊಳ್ಳಿ, ಆದರೆ ಯಾರಾದರೂ ಮಿಂಗ್ ಹತ್ತಿರ ಒಮ್ಮೆ ಕೇಳಿಕೊಳ್ಳಿ.

ಎರಡನೇ ದಿನದ ಪಾಠ ತಾನಾಗಿ ಒಡೆಯುವುದು, ನಾವಾಗಿ ಒಡೆಯುವುದು. ಮಡಕೆ ತಾನಾಗಿ ಬಯೆಕ್. ನಾನು ಬೇಕಂತಲೇ ಒಡೆದರೆ ಬಂಬಯೆಕ್. ಹಾಗೇ ಡಚ್, ಫ್ಡಚ್. ನಮ್ಮ ಕೆಡು, ಕೆಡಿಸು ಇದ್ದ ಹಾಗೆ. ಇಂಗ್ಲಿಷಿಗೆ ಎರಡೂ ಒಂದೇ ಅಂತ ಗೊತ್ತಾದಾಗ ಮಕ್ಕಳ ಮುಖ ಅರಳುತ್ತದೆ. ಕಲಿಯೋದು ಕಡಿಮೆಯಾಯ್ತಲ್ಲ!

ಮೂರನೇ ದಿನ ನಾಲ್ಕರಲ್ಲಿ ಯಾವುದಕ್ಕೂ ಸೇರದವು. ಕೆಲಸದ ನಡುವಿನ ಬ್ರೇಕ್‌ಗೆ ‘ಸಾಮ್ರಾಕ್’, ವಿಶ್ರಾಂತಿ. ಶಾಲೆಯ ಬ್ರೇಕ್‌ಗೆ ‘ಚೇಞ್ ಲೇಂಗ್’, ಅಂದರೆ ಹೊರಗೆ ಹೋಗಿ ಆಡೋದು. ನೋಟಿಗೆ ಚಿಲ್ಲರೆ ಮಾಡಿಸೋದೂ ಇಂಗ್ಲಿಷಲ್ಲಿ ಬ್ರೇಕೇ. ನೋಟನ್ನು ನಾವೂ ಮುರಿಸುತ್ತೇವೆ, ಅವರು ‘ಡೋ’ ಅಂತಾರೆ, ಅದಲುಬದಲು. ಇವನ್ನು ಸುಮ್ನೆ ಬಾಯಿಪಾಠ ಮಾಡಿಸುತ್ತೇನೆ.

ಮನಸ್ಸಿನ ವಿಷಯಕ್ಕೆ ಮಾತ್ರ ಒಂದು ಗಂಟೆ ಪೂರ್ತಿ. ಮನಸ್ಸು ಮುರಿದರೆ ಅವರು ‘ಖೋಚ್ ಚೆತ್’ ಅಂತಾರೆ. ಚೆತ್ ಅಂದರೆ ನಮ್ಮ ಚಿತ್ತವೇ. ಚಿತ್ತ ಕೆಟ್ಟಿತು! ಆ ಹುಡುಗಿ ಬರೆದದ್ದು ಇದನ್ನೇ. ಉತ್ಸಾಹ ಕುಂದಿದರೆ ‘ಬಕ್ ತುಕ್ ಚೆತ್’. ಪ್ರೀತಿಸಿದವರು ಬೇರೆಯಾದರೆ ‘ಬಯೆಕ್ ಕ್ನಿಯಾ’. ಬೆವರು ಬಂದರೂ ‘ಬಯೆಕ್’. ನಾವೂ ಬೆವರೊಡೆಯಿತು ಅಂತೀವಿ.

ಮುಂದಿನ ಪರೀಕ್ಷೆಯಲ್ಲಿ ಅಷ್ಟೇ ಜನರ ಕ್ಲಾಸಲ್ಲಿ 17–18 ಮಂದಿ ಸರಿ ಬರೆದರು. ಹಿರಿಯ ಮೇಷ್ಟ್ರು ಉತ್ತರಪತ್ರಿಕೆ ತಾವೇ ಎರಡು ಸಲ ನೋಡಿದರು. ನಾಲ್ಕನೇ ದಿನ ಗಡಿಯಾರದ ಜೊತೆ ಒಂದು ಆಟ ಆಡಿಸುತ್ತೇನೆ, ಅರ್ಧ ಗೆಲುವು ಅದರಿಂದಲೇ. ಅದನ್ನು ಇಲ್ಲಿ ಬರೆಯಲ್ಲ, ಇನ್ನೂ ತಿದ್ದುತ್ತಿದ್ದೇನೆ.

‘ವಾಶ್’ ಮೇಲೂ ಪ್ರಯೋಗ ಮಾಡಿದೆ. ಪಾತ್ರೆಗೆ ‘ಲಿಯಂಗ್’, ತಲೆಗೂದಲಿಗೆ ‘ಕಕ್’, ಬಟ್ಟೆಗೆ ‘ಬಾವೊಕ್’. ಬಾವೊಕ್ ಅಂದರೆ ಎತ್ತಿ ಬಡಿಯೋದು ಕೂಡ, ಭತ್ತ ಬಡಿಯೋಕೂ ಅದೇ ಮಾತು. ನಮ್ಮ ‘ಒಗೆ’ಯೂ ಹಾಗೇ, ಬಟ್ಟೆಯನ್ನೂ ಒಗೆಯುತ್ತೇವೆ, ಕಲ್ಲನ್ನೂ ಒಗೆಯುತ್ತೇವೆ. ‘ರೈಸ್’ ಅಂತೂ ಇನ್ನೂ ಸಲೀಸು: ಸ್ರೋವ್, ಅಂಕಾ, ಬಾಯ್ ಅಂದರೆ ಭತ್ತ, ಅಕ್ಕಿ, ಅನ್ನ.

ಈಗ ‘ಕ್ಯಾರಿ’ ಹಿಡಿದಿದ್ದೇನೆ. ತಲೆ ಮೇಲೆ ಹೊತ್ತರೆ ‘ತೂಲ್’, ಹೆಗಲ ಮೇಲಾದರೆ ‘ಲೀ’, ಕಾವಡಿ ಹಾಗೆ ಕೋಲಿಗೆ ಎರಡು ಬುಟ್ಟಿ ತೂಗುಹಾಕಿದರೆ ‘ರೇಕ್’. ಕೋಲಿಗೆ ಮಾರ್ಕೆಟ್ಟಿನಲ್ಲಿ ಮೂರು ಡಾಲರ್ ಹೇಳುತ್ತಿದ್ದಾರೆ. ಭಾನುವಾರ ಮಿಂಗ್‌ನ ಕರೆದುಕೊಂಡು ಹೋಗಿ ಎರಡಕ್ಕೆ ಇಳಿಸಿ ತರಬೇಕು.